ಡ್ಯಾಟ್ಸನ್ 240ಝಡ್: 3 ಮತ್ತು 4ನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಇಲ್ಲ, ಇಡೀ ಎಂಜಿನ್ ಬಿಚ್ಚಬೇಕಾ?

ಝಡ್‌ಪ್ರಿಯ

ಎಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ 1971ರ ಡ್ಯಾಟ್ಸನ್ 240ಝಡ್ ಇದೆ. ಸೋದರಮಾವನ ಗಾಡಿ. ಒಂದು ಬೇಸಿಗೆಯಲ್ಲಿ ದೂರ ಹೋಗುವಾಗ ಎಂಜಿನ್ ವಿಪರೀತ ಕಾದು ನಿಂತುಹೋಯಿತಂತೆ. ಎಳೆಸಿಕೊಂಡು ಬಂದು ಶೆಡ್‌ನಲ್ಲಿ ನಿಲ್ಲಿಸಿದವರು ಮತ್ತೆ ಅದನ್ನು ಮುಟ್ಟಲಿಲ್ಲ. ಈಗ ನನಗೆ ಕೊಟ್ಟಿದ್ದಾರೆ. ಮಾರುವ ಮಾತೇ ಇಲ್ಲ, ಓಡಿಸಬೇಕು.

ಎಂಜಿನ್ ಮೂಲದ್ದೇ, ಆರು ಸಿಲಿಂಡರಿನ ಎಲ್24. ಕಾರ್ಬುರೇಟರ್ ಕೂಡ ಮೂಲದವೇ, ಗುಂಡು ತಲೆಯ ಎರಡು ಹಿಟಾಚಿ. ಪ್ಲಗ್ ಬಿಚ್ಚಿ ಬೋರ್‌ಗಳಿಗೆ ಎಣ್ಣೆ ಬಿಟ್ಟು ನೆನೆಯಲು ಬಿಟ್ಟೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ 27 ಮಿ.ಮೀ. ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿದೆ. ಸಲೀಸಾಗಿ ತಿರುಗಿತು. ಬೇರೆ ಡಬ್ಬಿಯಿಂದ ಪೆಟ್ರೋಲ್ ಕೊಟ್ಟಾಗ ಸ್ಟಾರ್ಟ್ ಕೂಡ ಆಯಿತು. ಆದರೆ ನಡುಗುತ್ತದೆ, ನಾಲ್ಕು ಸಿಲಿಂಡರ್ ಮಾತ್ರ ಕೆಲಸ ಮಾಡುತ್ತಿವೆ.

ಎಂಜಿನ್ ಬಿಸಿ ಇರುವಾಗ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರ್ ಒಳಗೆ ಬರುವ ಒತ್ತಡ, ನೋಡಿದೆ. ಮುಂದಿನಿಂದ ಹಿಂದಕ್ಕೆ, ಪಿಎಸ್‌ಐನಲ್ಲಿ: 165, 160, 70, 75, 160, 155.

3 ಮತ್ತು 4ಕ್ಕೆ ಒಂದೊಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿದರೂ ಅಷ್ಟೇ. ಎಂಜಿನ್ ಆಯಿಲ್ ಬಿಳಿಯಾಗಿಲ್ಲ. ಆಯಿಲ್ ಪ್ರೆಶರ್‌ಗೆ ಮೆಕ್ಯಾನಿಕಲ್ ಗೇಜ್ ಹಾಕಿದ್ದೆ. ಬಿಸಿಯಲ್ಲಿ 2000 ಆರ್‌ಪಿಎಂಗೆ 40 ಪಿಎಸ್‌ಐ ತೋರಿಸುತ್ತದೆ. ಕೆಳಗಿನಿಂದ ಯಾವ ಬಡಿತವೂ ಇಲ್ಲ.

ಗೆಳೆಯರು ಹೇಳುವುದು ಒಂದೇ ಮಾತು: "ಹೇಗೂ ಕೈ ಹಾಕ್ತಿದ್ದೀಯ, ಎಂಜಿನ್ ಇಳಿಸಿ ಪೂರ್ತಿ ಬಿಚ್ಚಿ ಹೊಸದು ಮಾಡಿಬಿಡು." ನನಗೆ ಅಷ್ಟು ದೂರ ಹೋಗಬೇಕಾ ಅನ್ನುವ ಅನುಮಾನ. ಟಾರ್ಕ್ ರೆಂಚ್, ಫೀಲರ್ ಗೇಜ್, ಚಿಕ್ಕ ಏರ್ ಕಂಪ್ರೆಸರ್ ಇವೆ. ಎಂಜಿನ್ ಎತ್ತುವ ಹಾಯಿಸ್ಟ್ ಇಲ್ಲ.

ಇನ್ನೊಂದು ವಿಷಯ. ಡ್ರೈವರ್ ಕಾಲಿನ ಕೆಳಗೆ ನೆಲ ತುಕ್ಕು ಹಿಡಿದು ತೂತಾಗಿದೆ. ಬ್ಯಾಟರಿ ಕೂರುವ ತಟ್ಟೆಯೂ ಹೋಗಿದೆ. ಮೊದಲು ಬಾಡಿ ಮಾಡಬೇಕಾ, ಎಂಜಿನ್ ಮಾಡಬೇಕಾ? ಈ ಗಾಡಿಯ ಕೆಲಸ ಮಾಡಿದವರು ದಯವಿಟ್ಟು ಹೇಳಿ.

---

ಹಳೇ ಸ್ಪ್ಯಾನರ್

ಎಂಜಿನ್ ಇಳಿಸಬೇಡಿ. ಈಗಲೇ ಅಂತೂ ಬೇಡ.

ನಿಮ್ಮ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಒಳ್ಳೆಯ ಎಲ್24ನಲ್ಲಿ 170ರ ಆಸುಪಾಸು ಬರಬೇಕು. ನಿಮ್ಮ ನಾಲ್ಕು ಸಿಲಿಂಡರ್ ಅದರ ಹತ್ತಿರವೇ ಇವೆ, ಇಷ್ಟು ವರ್ಷ ನಿಂತ ಎಂಜಿನ್‌ಗೆ ಅದು ತುಂಬಾ ಚೆನ್ನಾಗಿದೆ. ಬಿದ್ದಿರುವುದು ಎರಡು, ಅವೂ ಅಕ್ಕಪಕ್ಕದವು, ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಿದ್ದಿವೆ. ಎಣ್ಣೆ ಹಾಕಿದರೂ ಏರಲಿಲ್ಲ ಅಂದರೆ ರಿಂಗ್ ಮೇಲೆ ಅನುಮಾನ ಕಡಿಮೆ. ಜೊತೆಗೆ ಗಾಡಿ ಕಾದು ನಿಂತಿದ್ದು. 3 ಮತ್ತು 4ರ ನಡುವೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಹಾಳೆ) ಸುಟ್ಟಿದೆ ಅಂತ ನನಗೆ ಅನಿಸುತ್ತದೆ. ಅಲ್ಲಿ ನೀರಿನ ದಾರಿಗೆ ತೂತಾಗಿಲ್ಲದಿದ್ದರೆ ಆಯಿಲ್ ಬಿಳಿಯಾಗುವುದಿಲ್ಲ.

ಹೆಡ್ ಬಿಚ್ಚುವ ಮೊದಲು ಕಂಪ್ರೆಸರ್ ಇಟ್ಟುಕೊಂಡು ಇದನ್ನು ಖಚಿತ ಮಾಡಿಕೊಳ್ಳಿ. ಎಲ್ಲ ಪ್ಲಗ್ ತೆಗೆಯಿರಿ. 3ನೇ ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಗೆ ಬರುವಂತೆ ಮಾಡಿ. ಪ್ಲಗ್ ತೂತಿನಿಂದ ಕಡಿಮೆ ಒತ್ತಡದಲ್ಲಿ ಗಾಳಿ ಬಿಡಿ. ಸಾಕೆಟ್, ಹ್ಯಾಂಡಲ್ ಯಾವುದೂ ಪುಲ್ಲಿಯ ಮೇಲೆ ಇರಬಾರದು, ಕ್ರ್ಯಾಂಕ್ ಧಡ್ ಅಂತ ತಿರುಗಿಬಿಡಬಹುದು. ಈಗ ಒಂದು ಚೂರು ತೆಳು ಕಾಗದವನ್ನು 4ನೇ ಪ್ಲಗ್ ತೂತಿನ ಮುಂದೆ ಹಿಡಿಯಿರಿ. ಕಾಗದ ಹಾರಿದರೆ ಗ್ಯಾಸ್ಕೆಟ್ ಹೋಗಿದೆ.

ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಈ ಎಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ, 1-5-3-6-2-4. ಹಾಗಾಗಿ 3 ಮತ್ತು 4ರ ಪಿಸ್ಟನ್ ಜೊತೆಯಾಗಿಯೇ ಮೇಲೆ ಬರುತ್ತವೆ. 3 ಕಂಪ್ರೆಷನ್ ತುದಿಯಲ್ಲಿದ್ದಾಗ 4ರಲ್ಲಿ ಎಕ್ಸಾಸ್ಟ್ ಮುಗಿದು ಇನ್‌ಟೇಕ್ ಶುರುವಾಗುತ್ತಿರುತ್ತದೆ, ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುತ್ತವೆ. ಗ್ಯಾಸ್ಕೆಟ್ ದಾಟಿ 4ಕ್ಕೆ ಹೋದ ಗಾಳಿ ಅಲ್ಲಿಂದ ಕಾರ್ಬುರೇಟರ್‌ಗೂ ಹೋಗುತ್ತದೆ, ಸೈಲೆನ್ಸರ್‌ಗೂ ಹೋಗುತ್ತದೆ. ಬರೀ ಕಾರ್ಬುರೇಟರ್ ಬಾಯಿಗೆ ಕಿವಿ ಕೊಟ್ಟವರು "3ನೇ ಸಿಲಿಂಡರ್ ವಾಲ್ವ್ ಸುಟ್ಟಿದೆ" ಅಂದುಬಿಡುತ್ತಾರೆ. ಅದಕ್ಕೇ ಮೊದಲು 4ನೇ ಪ್ಲಗ್ ತೂತು ನೋಡಿ ಅಂದಿದ್ದು. ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಗುಳ್ಳೆ ಬರುತ್ತಿದೆಯಾ ನೋಡಿ. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಉಸಿರು ಬಂದರೆ ಮಾತ್ರ ರಿಂಗ್ ಬಗ್ಗೆ ಯೋಚಿಸಿ.

ಕೆಳಭಾಗ ಯಾಕೆ ಮುಟ್ಟಬಾರದು ಅಂತೀನಿ ಅಂದರೆ, ಅದರಲ್ಲಿ ಕೆಟ್ಟಿದ್ದು ಏನೂ ಕಾಣುತ್ತಿಲ್ಲ. ಬಿಸಿಯಲ್ಲಿ ಅಷ್ಟು ಪ್ರೆಶರ್ ಇದೆ, ಬಡಿತ ಇಲ್ಲ. ಎಲ್24ದು ಕಬ್ಬಿಣದ ಬ್ಲಾಕ್, ಫೋರ್ಜ್ ಮಾಡಿದ ಕ್ರ್ಯಾಂಕ್, ಅದಕ್ಕೆ ಏಳು ಮೇನ್ ಬೇರಿಂಗ್. 1971ರಲ್ಲಿ ಮತ್ತು 1973ರಲ್ಲಿ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿ ಗೆದ್ದದ್ದು ಇದೇ 240ಝಡ್. 73ರಲ್ಲಿ ಓಡಿಸಿದ್ದು ಶೇಖರ್ ಮೆಹ್ತಾ. ಧೂಳು, ಕೆಸರು, ಕಲ್ಲಿನ ದಾರಿಯಲ್ಲಿ ಅಷ್ಟು ದೂರ ತಡೆದ ಕೆಳಭಾಗ ಇದು. ಚೆನ್ನಾಗಿ ಒಗ್ಗಿಕೊಂಡು ತಿರುಗುತ್ತಿರುವ ಬೇರಿಂಗ್‌ಗಳನ್ನು ಸುಮ್ನೆ ಬಿಚ್ಚಿದರೆ, ಮತ್ತೆ ಅಷ್ಟು ಚೆನ್ನಾಗಿ ಕೂರಿಸುವ ಭರವಸೆ ಯಾರೂ ಕೊಡಲಾರರು. ಕಾಯಿಲೆ ಎಲ್ಲಿದೆಯೋ ಅಲ್ಲಿಯವರೆಗೆ ಮಾತ್ರ ಬಿಚ್ಚಬೇಕು. ಹಳೆಯ ಎಂಜಿನ್ ವಿಷಯದಲ್ಲಿ ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಈಗ ಹೆಡ್ ತೆಗೆಯುವ ಕೆಲಸ. ಗಾಡಿಯಲ್ಲಿ ಎಂಜಿನ್ ಇರುವಾಗಲೇ ಆಗುತ್ತದೆ, ಹಾಯಿಸ್ಟ್ ಬೇಡ.

ಎಲ್ಲಕ್ಕಿಂತ ಮುಖ್ಯ ಟೈಮಿಂಗ್ ಚೈನ್. ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಹಲ್ಲುಚಕ್ರ, ಅಂದರೆ ಕ್ಯಾಮ್ ಸ್ಪ್ರಾಕೆಟ್, ಹಾಗೇ ತೆಗೆದರೆ ಚೈನ್ ಸಡಿಲವಾಗುತ್ತದೆ, ಒಳಗಿನ ಟೆನ್ಷನರ್‌ನ ತುದಿ ಹೊರಗೆ ಹಾರಿಬಿಡುತ್ತದೆ. ಅದನ್ನು ಒಳಗೆ ತಳ್ಳಬೇಕಾದರೆ ಮುಂದಿನ ಕವರ್ ಪೂರ್ತಿ ಬಿಚ್ಚಬೇಕು. ಒಂದು ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಗಟ್ಟಿ ಮರದ ಒಂದು ಬೆಣೆ ಮಾಡಿಕೊಳ್ಳಿ. ಉದ್ದ ಒಂದು ಅಡಿಯ ಹತ್ತಿರ ಇರಲಿ, ಕೆಳಗೆ ಕಿರಿದಾಗುತ್ತಾ ಹೋಗಲಿ, ಮೂಲೆಗಳನ್ನು ಉಜ್ಜಿ ನುಣುಪು ಮಾಡಿ. ಮರದ ಸಿಬಿರು ಆಯಿಲ್ ಸಂಪಿಗೆ ಬೀಳಬಾರದು. ಮೇಲ್ತುದಿಯಲ್ಲಿ ತೂತು ಕೊರೆದು ಗಟ್ಟಿ ತಂತಿ ಕಟ್ಟಿ, ತೆಗೆಯುವಾಗ ಎಳೆಯಲು ಬೇಕಾಗುತ್ತದೆ. ಒಂದನೇ ಸಿಲಿಂಡರ್ ಕಂಪ್ರೆಷನ್ ತುದಿಯಲ್ಲಿ ನಿಲ್ಲಿಸಿ, ಚೈನಿನ ಕೊಂಡಿಗೂ ಸ್ಪ್ರಾಕೆಟ್‌ಗೂ ಪೇಂಟ್ ಗುರುತು ಹಾಕಿ, ಚೈನಿನ ಎರಡು ಎಳೆಗಳ ನಡುವೆ ಬೆಣೆಯನ್ನು ಮೇಲಿನಿಂದ ಇಳಿಸಿ ಮೆಲ್ಲಗೆ ತಟ್ಟಿ ಬಿಗಿ ಮಾಡಿ. ಆಮೇಲೆ ಸ್ಪ್ರಾಕೆಟ್ ಬೋಲ್ಟು. ಪೆಟ್ರೋಲ್ ಪಂಪನ್ನು ತಳ್ಳುವ ಎಕ್ಸೆಂಟ್ರಿಕ್ ಅದೇ ಬೋಲ್ಟಿನಲ್ಲಿದೆ, ಹಾಗಾಗಿ ಪಂಪ್ ಮೊದಲೇ ಹೊರಗೆ ಬಂದಿರಲಿ. ಅಂದಹಾಗೆ, ಕೆಲಸ ಮುಗಿಯುವವರೆಗೆ ಯಾರೂ ಕ್ರ್ಯಾಂಕ್ ಮುಟ್ಟಬಾರದು. ಮನೆಯಲ್ಲಿ ಮಕ್ಕಳಿದ್ದರೆ ಪುಲ್ಲಿಯ ಮೇಲೊಂದು ಬಟ್ಟೆ ಕಟ್ಟಿಡಿ.

ಹೆಡ್ ಬೋಲ್ಟುಗಳು 10 ಮಿ.ಮೀ. ಆಲನ್ ಕೀ ಹಿಡಿಯುವ ಬೋಲ್ಟುಗಳು. ಅವುಗಳ ಗುಳಿಯಲ್ಲಿ ಹಳೇ ಆಯಿಲ್‌ನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಚಿಕ್ಕ ಸ್ಕ್ರೂಡ್ರೈವರ್‌ನಲ್ಲಿ ಕೆದಕಿ, ಗಾಳಿ ಹೊಡೆದು, ಕೀ ತಳದವರೆಗೆ ಕೂತಿದೆ ಅಂತ ಖಾತ್ರಿಯಾದ ಮೇಲೆ ಬಲ ಹಾಕಿ. ಎರಡು ತುದಿಯಿಂದ ಮಧ್ಯಕ್ಕೆ ಬರುತ್ತಾ ಸ್ವಲ್ಪ ಸ್ವಲ್ಪ ಸಡಿಲಿಸಿ. ಬೋಲ್ಟುಗಳಲ್ಲಿ ಉದ್ದ, ಗಿಡ್ಡ ಎರಡು ಥರ ಇವೆ. ಒಂದು ರಟ್ಟಿನ ಮೇಲೆ ಹೆಡ್ ಚಿತ್ರ ಬರೆದು ಅದರದರ ಜಾಗದಲ್ಲೇ ಚುಚ್ಚಿಡಿ.

ಬೋಲ್ಟು ಎಲ್ಲ ಬಂತು, ಆದರೂ ಹೆಡ್ ಅಲುಗುತ್ತಿಲ್ಲ ಅಂದರೆ ಮುಂಭಾಗ ನೋಡಿ. ಹೆಡ್ಡನ್ನು ಚೈನ್ ಕವರ್‌ಗೆ ಹಿಡಿದಿರುವ ಎರಡು ಸಣ್ಣ ಬೋಲ್ಟುಗಳು ಅಲ್ಲಿವೆ. ಅವನ್ನು ಮರೆತು ಮೀಟಿದರೆ ಅಲ್ಯೂಮಿನಿಯಂ ಕವರ್ ಒಡೆಯುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್‌ನಲ್ಲೇ ಇರಲಿ. ಅದರ ಸ್ಟಡ್‌ಗಳು, ಅದರಲ್ಲೂ ಹಿಂದಿನ 6ನೇ ಸಿಲಿಂಡರ್ ಹತ್ತಿರದ್ದು, ಮುರಿಯುವುದಕ್ಕೇ ಕಾಯುತ್ತಿರುತ್ತವೆ. ಕೆಳಗಿನ ಪೈಪ್ ಬಿಡಿಸಿ, ಇಬ್ಬರು ಸೇರಿ ಹೆಡ್ ಎತ್ತಿ ಮೇಜಿನ ಮೇಲಿಟ್ಟು, ಕಾಯಿಸಿ, ಎಣ್ಣೆ ಬಿಟ್ಟು ನಿಧಾನವಾಗಿ ಬಿಡಿಸಿ. ಎತ್ತುವ ಮುಂಚೆ ಬ್ಲಾಕ್‌ನ ನೀರನ್ನೂ ಇಳಿಸಿರಬೇಕು. ರೇಡಿಯೇಟರ್ ಖಾಲಿ ಮಾಡಿದರೆ ಸಾಲದು, ಉಳಿದದ್ದು ಬೋರ್‌ಗಳಿಗೆ ಸುರಿಯುತ್ತದೆ.

ಇನ್ನೊಂದು. ಗಾಡಿ ಯಾಕೆ ಕಾಯಿತು ಅನ್ನುವುದಕ್ಕೆ ಉತ್ತರ ಸಿಗದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ. ರೇಡಿಯೇಟರ್ ಕಟ್ಟಿದೆಯಾ, ವಾಟರ್ ಪಂಪ್ ಸರಿಯಿದೆಯಾ, ಥರ್ಮೋಸ್ಟಾಟ್ ಬಿಸಿನೀರಿನಲ್ಲಿ ಮುಳುಗಿಸಿದರೆ 82 ಡಿಗ್ರಿ ಹೊತ್ತಿಗೆ ಬಾಯಿ ಬಿಡುತ್ತದೆಯಾ, ಎಲ್ಲ ನೋಡಿ.

---

ತಗಡು ಕೆಲಸ

ಹಳೇ ಸ್ಪ್ಯಾನರ್ ಅವರು ಎಂಜಿನ್ ಬಗ್ಗೆ ಹೇಳಿದ್ದಕ್ಕೆ ನನ್ನದು ಎರಡು ಮಾತಿಲ್ಲ. ನಾನು ಬಾಡಿಯವನು, ಹಾಗಾಗಿ ಬಾಡಿಯ ಬಗ್ಗೆ ಹೇಳುತ್ತೇನೆ. ಹೆಡ್ ಮೆಷಿನ್ ಶಾಪ್‌ಗೆ ಹೋಗಿರುವ ಸಮಯದಲ್ಲಿ ನೆಲದ ಕೆಲಸ ಶುರು ಮಾಡಿ. ಹೊಸ ಗ್ಯಾಸ್ಕೆಟ್ ಹಾಕಿದ ಖುಷಿಯಲ್ಲಿ ಗಾಡಿಯನ್ನು ರಸ್ತೆಗೆ ತೆಗೆದುಕೊಂಡು ಹೋಗಬೇಡಿ. ಈ ಗಾಡಿಗೆ ಬೇರೆ ಚಾಸಿ ಇಲ್ಲ, ತಗಡೇ ಅದರ ಮೂಳೆ.

ಕಣ್ಣಿಗೆ ಕಂಡ ತೂತು ಯಾವಾಗಲೂ ಚಿಕ್ಕದು. ಕಾರ್ಪೆಟ್ ಕೆಳಗೆ ಟಾರ್ ಹಾಳೆ ಅಂಟಿಸಿರುತ್ತಾರೆ, ಸದ್ದು ತಡೆಯಲು. ನೀರು ಅದರ ಅಡಿಗೆ ಹೋಗಿ ಕೂತರೆ ಆರುವುದೇ ಇಲ್ಲ. ಅದನ್ನು ಪೂರ್ತಿ ತೆಗೆಯಿರಿ. ಡ್ರೈ ಐಸ್ ಸುರಿದು ಸ್ವಲ್ಪ ಹೊತ್ತು ಬಿಟ್ಟು ಸುತ್ತಿಗೆಯಲ್ಲಿ ತಟ್ಟಿದರೆ ಗಾಜಿನ ಹಾಗೆ ಒಡೆದು ಏಳುತ್ತದೆ. ಕೈಗವಸು ಇರಲಿ, ಬಾಗಿಲು ಕಿಟಕಿ ತೆರೆದಿರಲಿ, ಆ ಅನಿಲ ಮುಚ್ಚಿದ ಜಾಗದಲ್ಲಿ ಅಪಾಯ.

ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಎಲ್ಲ ಕಡೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ನೆಲದ ಅಡಿಯಲ್ಲಿ ಓಡುವ ಫ್ರೇಮ್ ರೈಲ್, ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಮುಂದಿರುವ ಮೂಲೆ, ಸ್ಟೆಪ್ನಿ ಕೂರುವ ಗುಂಡಿ, ಹಿಂಬಾಗಿಲ ಅಂಚು. 240ಝಡ್ ತಿನ್ನಿಸಿಕೊಳ್ಳುವುದು ಇಲ್ಲೆಲ್ಲ. ಬ್ಯಾಟರಿ ತಟ್ಟೆ ಹೋಗಿದೆ ಅಂದಿರಿ. ಆ್ಯಸಿಡ್ ಅಲ್ಲಿಗೇ ನಿಂತಿರುವುದಿಲ್ಲ, ಕೆಳಗಿನ ರೈಲಿನವರೆಗೂ ಇಳಿದಿರುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಆಮೇಲೆ ಕತ್ತರಿಸಿ.

ಕಾಲಿನ ಕೆಳಗಿನ ತುಕ್ಕಿಗೆ ಮೂಲ ಸಾಮಾನ್ಯವಾಗಿ ಮೇಲಿರುತ್ತದೆ. ವೈಪರ್ ಹತ್ತಿರದ ಕೌಲ್‌ಗೆ ಬಿದ್ದ ನೀರು ಹೊರಗೆ ಹೋಗುವ ದಾರಿ ಎಲೆ, ಮಣ್ಣಿನಿಂದ ಕಟ್ಟಿರುತ್ತದೆ. ಒಂದು ಚೊಂಬು ನೀರು ಹುಯ್ದು ಎಲ್ಲಿಂದ ಹೊರಗೆ ಬರುತ್ತದೆ ನೋಡಿ. ಅದನ್ನು ಸರಿಮಾಡದೆ ಹೊಸ ನೆಲ ಹಾಕಿದರೆ ಅದೂ ಹೋಗುತ್ತದೆ.

ಸಿಲ್ ಕತ್ತರಿಸುವುದಾದರೆ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಬೆಸುಗೆ ಹಾಕಿ ಬಿಗಿ ಮಾಡಿ. ಇಲ್ಲದಿದ್ದರೆ ಬಾಡಿ ಮಧ್ಯಕ್ಕೆ ಕುಸಿದು ಬಾಗಿಲು ಕೂರುವುದೇ ಇಲ್ಲ. ಒಂದೇ ಕಡೆ ಉದ್ದಕ್ಕೆ ಬೆಸುಗೆ ಎಳೆಯಬೇಡಿ. ಚುಕ್ಕೆ ಚುಕ್ಕೆ ಹಾಕಿ, ಜಾಗ ಬದಲಿಸಿ, ಆರಲು ಬಿಟ್ಟು ಮತ್ತೆ ಹಾಕಿ, ಇಲ್ಲದಿದ್ದರೆ ತಗಡು ಸೊಟ್ಟಗಾಗುತ್ತದೆ. ಮುಗಿದ ಮೇಲೆ ಪೆಟ್ಟಿಗೆಯಂಥ ಭಾಗಗಳ ಒಳಗೆ ಮೇಣ ಸಿಂಪಡಿಸಿ. ಮತ್ತೆ, ಬೆಸುಗೆ ಮುಟ್ಟುವ ಮೊದಲು ಪೆಟ್ರೋಲ್ ಟ್ಯಾಂಕ್ ಗಾಡಿಯಿಂದ ಹೊರಗೆ. ಖಾಲಿ ಟ್ಯಾಂಕ್‌ನ ಆವಿ ಇನ್ನೂ ಅಪಾಯ.

---

ಸೂಜಿ ಮತ್ತು ಜೆಟ್

ಟ್ಯಾಂಕ್ ಹೇಗೂ ಇಳಿಸುತ್ತೀರಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಇಷ್ಟು ವರ್ಷ ನಿಂತ ಪೆಟ್ರೋಲ್ ಅಂಟಾಗಿರುತ್ತದೆ, ಅಡಿಯಲ್ಲಿ ತುಕ್ಕಿನ ಪುಡಿ ಇರುತ್ತದೆ. ತೊಳೆಸದೆ ಪೆಟ್ರೋಲ್ ಹಾಕಿದರೆ ಎಲ್ಲ ಬಂದು ಫ್ಲೋಟ್ ಬೌಲ್‌ನಲ್ಲಿ ಕೂರುತ್ತದೆ. ಹಳೇ ರಬ್ಬರ್ ಪೈಪ್ ಒಂದನ್ನೂ ಉಳಿಸಬೇಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತಡೆಯುವಂಥದ್ದೇ ಹಾಕಿ. ಹಿಂದೆ ಒಳಗಿನ ಪ್ಯಾನಲ್ ಹಿಂಬದಿಯಲ್ಲಿ ಟ್ಯಾಂಕ್‌ನ ಆವಿ ಹೋಗುವ ಪೈಪ್‌ಗಳಿವೆ, ಅವನ್ನು ಮರೆಯುವವರೇ ಜಾಸ್ತಿ. ಗಾಡಿ ಒಳಗೆ ಪೆಟ್ರೋಲ್ ವಾಸನೆ ಬರುವುದು ಅಲ್ಲಿಂದಲೇ.

ಗುಂಡು ತಲೆ ಕಾರ್ಬುರೇಟರ್ ಉಳಿದಿರುವುದು ನಿಮ್ಮ ಅದೃಷ್ಟ. ಬಿಡಬೇಡಿ. 1973ರಲ್ಲಿ ಬಂದ ಚಪ್ಪಟೆ ತಲೆಯವು ಬಿಸಿಯಲ್ಲಿ ಕೊಡುವ ಕಾಟ ಹೇಳತೀರದು. ಎರಡರ ಭಾಗ ಅದಲುಬದಲು ಆಗದಂತೆ ಬೇರೆ ಬೇರೆ ತಟ್ಟೆಯಲ್ಲಿ ಬಿಚ್ಚಿ. ಕಾರ್ಬುರೇಟರ್ ಒಳಗಿನ ಪ್ರತಿ ಪಿಸ್ಟನ್‌ಗೂ ಅದರದೇ ಗುಮ್ಮಟ. ಎತ್ತಿ ಬಿಟ್ಟರೆ ಸಲೀಸಾಗಿ ಇಳಿದು ತಳದಲ್ಲಿ ಟಕ್ ಅನ್ನಬೇಕು. ಮಧ್ಯದಲ್ಲಿ ತಡೆದರೆ ಸೂಜಿ ಜೆಟ್‌ನ ಮಧ್ಯಕ್ಕಿಲ್ಲ ಅಂತ ಅರ್ಥ. ಡ್ಯಾಂಪರ್‌ಗೆ ಎಸ್‌ಎಇ 20 ಆಯಿಲ್. ಥ್ರಾಟಲ್ ಶಾಫ್ಟ್ ಅಲುಗಾಡುತ್ತಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಐಡಲ್ ನಿಲ್ಲುವುದಿಲ್ಲ.

ವಾಲ್ವ್ ಕ್ಲಿಯರೆನ್ಸ್, ಇಗ್ನಿಷನ್ ಪಾಯಿಂಟ್, ಇಗ್ನಿಷನ್ ಟೈಮಿಂಗ್ ಮೂರೂ ಮುಗಿಯುವವರೆಗೆ ಕಾರ್ಬುರೇಟರ್ ಸ್ಕ್ರೂ ಮುಟ್ಟಬೇಡಿ.

---

ಝಡ್‌ಪ್ರಿಯ

ಮೂವರಿಗೂ ತುಂಬಾ ಥ್ಯಾಂಕ್ಸ್. ಹೆಡ್ ಬಿಚ್ಚಿದೆ.

ಕಾಗದ 4ನೇ ತೂತಿನ ಮುಂದೆ ಪಟಪಟ ಹಾರಿತು. ಬೆಣೆ ಇಳಿಸಿದ ಮೇಲೆ ಚೈನ್ ಒಂದಿಷ್ಟೂ ಅಲುಗಲಿಲ್ಲ. ಹೆಡ್ ಎತ್ತಿದಾಗ ಕಂಡದ್ದು: 3 ಮತ್ತು 4ರ ನಡುವೆ ಗ್ಯಾಸ್ಕೆಟ್ ಕಪ್ಪಾಗಿ ಸುಟ್ಟು, ಬೆರಳಗಲ ಜಾಗದಲ್ಲಿ ಪೂರ್ತಿ ಇಲ್ಲವೇ ಇಲ್ಲ. ಬ್ಲಾಕ್‌ನಲ್ಲಿ ಆ ಜಾಗ ಚೆನ್ನಾಗಿದೆ, ಉಗುರು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ. ಆರೂ ಬೋರ್‌ನಲ್ಲಿ ಹೋನಿಂಗ್ ಗೆರೆಗಳು ಇನ್ನೂ ಕಾಣುತ್ತಿವೆ. ಮೇಲಂಚಿನಲ್ಲಿ ರಿಂಗ್ ಸವೆಸಿದ ಮೆಟ್ಟಿಲೂ ಇಲ್ಲ ಅನ್ನುವಷ್ಟು ಕಡಿಮೆ. ಥರ್ಮೋಸ್ಟಾಟ್ ಕುದಿಯುವ ನೀರಿನಲ್ಲೂ ಬಾಯಿ ಬಿಡಲಿಲ್ಲ, ಕಾರಣ ಅದೇ ಇರಬೇಕು.

ಆದರೆ ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿದರೆ ಮಧ್ಯದಲ್ಲಿ 0.15 ಮಿ.ಮೀ. ಫೀಲರ್ ಒಳಗೆ ಹೋಗುತ್ತದೆ. ವಾಲ್ವ್ ಒತ್ತುವ ರಾಕರ್‌ಗಳನ್ನೆಲ್ಲ ತೆಗೆದು ಕ್ಯಾಮ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಬಿಗಿ, ಒಂದು ಕಡೆ ಹಿಡಿದುಕೊಳ್ಳುತ್ತದೆ. ಮೆಷಿನ್ ಶಾಪ್‌ನವರು "ಫೇಸಿಂಗ್ ಮಾಡಿ ಕೊಡ್ತೀವಿ, ಸರಿಹೋಗುತ್ತೆ" ಅಂತಿದ್ದಾರೆ. ಕೊಡಲಾ?

---

ಹಳೇ ಸ್ಪ್ಯಾನರ್

ಬರೀ ಫೇಸಿಂಗ್‌ಗೆ ಕೊಡಬೇಡಿ. ಕ್ಯಾಮ್ ಹಿಡಿಯುತ್ತಿದೆ ಅಂತ ನೀವು ನೋಡಿದ್ದೇ ಒಳ್ಳೆಯದಾಯಿತು.

ಹೆಡ್ ಬಾಗಿದಾಗ ಅಡಿ ಮಾತ್ರ ಬಾಗುವುದಿಲ್ಲ, ಇಡೀ ಹೆಡ್ ಬಾಗುತ್ತದೆ. ಕ್ಯಾಮ್ ಕೂರುವ ಐದು ಟವರ್‌ಗಳೂ ಅದರ ಜೊತೆಗೇ ಸಾಲು ತಪ್ಪುತ್ತವೆ. ಅಡಿಯನ್ನು ಕತ್ತರಿಸಿ ಸಮ ಮಾಡಿದರೆ ಗ್ಯಾಸ್ಕೆಟ್ ಕೂರುತ್ತದೆ, ಮೇಲಿನ ಸೊಟ್ಟ ಹಾಗೇ ಉಳಿಯುತ್ತದೆ. ಕ್ಯಾಮ್ ಅಲ್ಲಿ ಉಜ್ಜಿಕೊಂಡೇ ತಿರುಗುತ್ತದೆ, ಕೊನೆಗೆ ಟವರ್ ತಿನ್ನುತ್ತದೆ ಇಲ್ಲವೇ ಕ್ಯಾಮ್ ಮುರಿಯುತ್ತದೆ. ಮೊದಲು ಹೆಡ್ ನೇರ ಮಾಡಿಸಬೇಕು. ದಪ್ಪ ಉಕ್ಕಿನ ಹಲಗೆಗೆ ಶಿಮ್ ಕೊಟ್ಟು ಬೋಲ್ಟು ಹಾಕಿ, ಓವನ್‌ನಲ್ಲಿ ಕಾಯಿಸಿ, ಹಾಗೇ ನಿಧಾನವಾಗಿ ಆರಲು ಬಿಡುತ್ತಾರೆ. ಅಲ್ಯೂಮಿನಿಯಂ ಹೆಡ್ ಕೆಲಸ ಗೊತ್ತಿರುವವರಿಗೆ ಇದು ಹೊಸದಲ್ಲ. ಇವರು ಮಾಡುವುದಿಲ್ಲ ಅಂದರೆ ಮಾಡುವವರನ್ನು ಹುಡುಕಿ. ನೇರವಾದ ಮೇಲೆ ಎಷ್ಟು ಬೇಕೋ ಅಷ್ಟೇ ಫೇಸಿಂಗ್. ಫ್ಯಾಕ್ಟರಿ ಮಿತಿ 0.1 ಮಿ.ಮೀ., ಅದಕ್ಕಿಂತ ಚೆನ್ನಾಗಿ, 0.05ರ ಒಳಗೆ ಬರಲಿ.

ಟವರ್‌ಗಳನ್ನು ಬಿಚ್ಚಬೇಡಿ ಅಂತ ಅವರಿಗೆ ಮೊದಲೇ ಹೇಳಿ. ಹೆಡ್ ಮೇಲೆ ಕೂರಿಸಿದ ಮೇಲೆಯೇ ಅವುಗಳ ತೂತು ಒಟ್ಟಿಗೆ ಕೊರೆದಿರುವುದು. ಬೇರೆ ದಾರಿಯೇ ಇಲ್ಲದೆ ಬಿಚ್ಚಿದರೆ ಅದದೇ ಜಾಗಕ್ಕೆ, ಅದೇ ದಿಕ್ಕಿಗೆ ವಾಪಸ್ ಬರಬೇಕು.

ಫೇಸಿಂಗ್ ಆದ ಮೇಲೆ ಹೆಡ್ ಸ್ವಲ್ಪ ಕೆಳಗೆ ಕೂರುತ್ತದೆ, ಚೈನ್ ಅಷ್ಟು ಉದ್ದವಾದ ಲೆಕ್ಕ, ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ಸ್ಪ್ರಾಕೆಟ್‌ನಲ್ಲಿ 1, 2, 3 ಅಂತ ಮೂರು ತೂತು ಕೊಟ್ಟಿರುವುದು ಇದನ್ನು ಸರಿಮಾಡಲಿಕ್ಕೇ. ಸ್ಪ್ರಾಕೆಟ್ ಹಿಂದಿನ ಸಣ್ಣ ಕಚ್ಚು ಮತ್ತು ಕ್ಯಾಮ್ ಪ್ಲೇಟ್‌ನ ಗೀಟು ಎರಡನ್ನೂ ನೋಡಿ. ಕಚ್ಚು ಗೀಟು ದಾಟಿ ಹಿಂದೆ ಉಳಿದಿದ್ದರೆ ಮುಂದಿನ ತೂತಿಗೆ ಹಾಕಿ.

ರಾಕರ್‌ಗಳು, ಅವುಗಳ ಕೆಳಗೆ ವಾಲ್ವ್ ತುದಿಯಲ್ಲಿ ಕೂರುವ ಸಣ್ಣ ಬಿಲ್ಲೆಗಳಾದ ಲ್ಯಾಶ್ ಪ್ಯಾಡ್‌ಗಳು ಯಾವ ವಾಲ್ವ್‌ನವು ಅಂತ ಗುರುತು ಹಾಕಿಟ್ಟಿದ್ದೀರಿ ಅಲ್ವಾ? ಪ್ರತಿ ರಾಕರ್ ತನ್ನ ಲೋಬ್‌ಗೆ (ಕ್ಯಾಮ್ ಮೇಲಿನ ಉಬ್ಬಿಗೆ) ಒಗ್ಗಿ ಸವೆದಿರುತ್ತದೆ. ಬೆರೆತುಹೋದರೆ ಕ್ಯಾಮ್ ಬೇಗ ಹೋಗುತ್ತದೆ. ಜೋಡಿಸುವಾಗ ಲೋಬ್‌ಗಳಿಗೆ ಅಸೆಂಬ್ಲಿ ಲೂಬ್ ಧಾರಾಳವಾಗಿ ಹಚ್ಚಿ. ಆಯಿಲ್‌ನಲ್ಲಿ ಝಿಂಕ್ ಜಾಸ್ತಿ ಇರುವಂಥದ್ದು, ಹಳೇ ಎಂಜಿನ್‌ಗೆ ಅಂತಲೇ ಬರುವುದು, ಹಾಕಿ. ಕ್ಯಾಮ್ ಮೇಲಿನ ಆಯಿಲ್ ಪೈಪ್‌ನ ತೂತುಗಳಿಗೆ ಸಣ್ಣ ತಂತಿ ಆಡಿಸಿ. ಒಂದು ತೂತು ಕಟ್ಟಿದ್ದರೂ ಅದರ ಲೋಬ್ ಒಣಗುತ್ತದೆ.

ಹೆಡ್ ಬೋಲ್ಟು ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿ ಮಾಡಿ. ಬಲ ಎಷ್ಟು ಅನ್ನುವುದಕ್ಕೆ ಗ್ಯಾಸ್ಕೆಟ್ ಜೊತೆ ಬಂದ ಕಾಗದ ನೋಡಿ. ವಾಲ್ವ್ ಕ್ಲಿಯರೆನ್ಸ್ ತಣ್ಣಗಿದ್ದಾಗ ಇನ್‌ಟೇಕ್ 0.20, ಎಕ್ಸಾಸ್ಟ್ 0.25 ಮಿ.ಮೀ. ಇಟ್ಟು ಸ್ಟಾರ್ಟ್ ಮಾಡಿ. ಪೂರ್ತಿ ಬಿಸಿಯಾದ ಮೇಲೆ ಮತ್ತೆ ನೋಡಿ, ಆಗ 0.25 ಮತ್ತು 0.30 ಇರಬೇಕು.

ಬೋರ್‌ಗಳು ನೀವು ಹೇಳಿದ ಹಾಗೇ ಇದ್ದರೆ ಕೆಳಭಾಗದ ಕೆಲಸ ಏನೂ ಇಲ್ಲ. ಎಣ್ಣೆ ಸವರಿ ಬಟ್ಟೆ ಮುಚ್ಚಿಡಿ. ಹೆಡ್ ವಾಪಸ್ ಬಂದ ದಿನ ಬೇರೆ ಏನೂ ಹಾಕುವ ಮೊದಲು ಕ್ಯಾಮ್ ಒಂದನ್ನೇ ಕೂರಿಸಿ ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಮುಂದುವರಿಯಿರಿ. ಹಿಡಿದರೆ ಹೆಡ್ ವಾಪಸ್ ಕೊಡಿ, ಇಲ್ಲಿ ಬಂದು ಬರೆಯಿರಿ.